ಜೈಲಿನಲ್ಲಿದ್ದ ನಮ್ಮ ಭಾವ ತೀರಿಕೊಂಡರು, ಯಾರ ಮೇಲೆ ಕೇಸ್ ಹಾಕಬಹುದು?

ಬಂಗಾರಪೇಟೆ_ಬಾಬು

ಕಾನೂನು ತಿಳಿದವರು ಯಾರಾದರೂ ಇದ್ದರೆ ದಾರಿ ತೋರಿಸಿ. ನಮ್ಮದು ಕೋಲಾರ ಜಿಲ್ಲೆ, ಬಂಗಾರಪೇಟೆ ಹತ್ತಿರದ ಹಳ್ಳಿ. ನಮ್ಮ ಅಕ್ಕನ ಗಂಡ ಬದುವಿನ ವಿಷಯಕ್ಕೆ ಪಕ್ಕದ ಹೊಲದವರ ಜೊತೆ ಜಗಳ ಮಾಡಿಕೊಂಡರು. ಅವರ ತಲೆಗೆ ಏಟಾಗಿ ಇವರ ಮೇಲೆ ಕೇಸಾಯಿತು. ಜಡ್ಜ್ ಮುಂದೆ ಹಾಜರು ಮಾಡಿ ರಿಮಾಂಡ್ ಮಾಡಿದರು. ಸೋಮವಾರ ಬೇಲ್ ಅರ್ಜಿ ಹಾಕೋಣ ಎಂದಿದ್ದರು ಲಾಯರ್. ಅಷ್ಟರಲ್ಲಿ ಫೋನ್ ಬಂತು, ಹುಷಾರಿಲ್ಲ, ಆಸ್ಪತ್ರೆಗೆ ಬನ್ನಿ ಅಂತ. ಹೋದರೆ ಮಾರ್ಚುರಿ ತೋರಿಸಿದರು.

ಭಾವ ಕುಡಿಯುತ್ತಿದ್ದರು, ಮುಚ್ಚಿಡುವುದು ಏನೂ ಇಲ್ಲ. ಬೆಳಿಗ್ಗೆ ಎದ್ದು ಒಂದು ಪ್ಯಾಕೆಟ್ ಹಾಕದಿದ್ದರೆ ಕೈ ನಡುಗುತ್ತಿತ್ತು. ಜೈಲಿನವರು ಹಾರ್ಟ್ ಅಟ್ಯಾಕ್ ಎನ್ನುತ್ತಾರೆ. ಆದರೆ ಅದೇ ಬ್ಯಾರಕ್‌ನಲ್ಲಿದ್ದ ಒಬ್ಬರು ಈಗ ಹೊರಗೆ ಬಂದಿದ್ದಾರೆ, ಅವರು ಹೇಳುವುದೇ ಬೇರೆ. ಮೈಯೆಲ್ಲ ನಡುಗುತ್ತಿತ್ತಂತೆ, ಗೋಡೆ ಮೇಲೆ ಹಾವು ಹರಿದಾಡುತ್ತಿದೆ ಎಂದು ಕೂಗುತ್ತಿದ್ದರಂತೆ, ಒಂದು ಸಲ ಫಿಟ್ಸ್ ಕೂಡ ಬಂತಂತೆ. ಎಲ್ಲರೂ ಸೇರಿ ವಾರ್ಡರ್‌ನ ಕೂಗಿದ್ದಾರೆ. ಬಂದವರು "ಎಣ್ಣೆ ಇಲ್ಲದೆ ನಾಟಕ ಆಡ್ತಾನೆ, ಬೆಳಿಗ್ಗೆಗೆ ಸರಿ ಹೋಗ್ತಾನೆ" ಎಂದು ಟವಲ್‌ನಿಂದ ಕೈ ಕಟ್ಟಿಸಿ ಹೋದರಂತೆ. ಬೆಳಿಗ್ಗೆ ನೋಡಿದರೆ ಮೈ ಸುಡುತ್ತಿತ್ತು, ಮಾತಿಲ್ಲ.

ಮ್ಯಾಜಿಸ್ಟ್ರೇಟ್ ಬಂದು ಅಕ್ಕನ ಹೇಳಿಕೆ ಬರೆದುಕೊಂಡರು. ಪೋಸ್ಟ್‌ಮಾರ್ಟಂ ಆಯಿತು. ನಮ್ಮಲ್ಲಿ ಹೂಳುವ ಪದ್ಧತಿ, ಹೂತಿದ್ದೇವೆ. ಈಗ ಊರಲ್ಲಿ ಎಲ್ಲರದೂ ಒಂದೇ ಮಾತು, ಯಾರೂ ಹೊಡೆದಿಲ್ಲ, ಕುಡಿದು ಕುಡಿದು ಸತ್ತ, ಸರ್ಕಾರದ ಜೊತೆ ಗುದ್ದಾಡಿ ಏನು ಸಿಗುತ್ತೆ ಅಂತ. ನನಗೆ ಬೇಕಾಗಿರುವುದು ಇಷ್ಟೇ. ಹೊಡೆಯದಿದ್ದರೂ ಇದು ಕೇಸ್ ಆಗುತ್ತಾ? ಆದರೆ ಯಾರ ಮೇಲೆ, ವಾರ್ಡರ್ ಮೇಲಾ, ಜೈಲರ್ ಮೇಲಾ, ಡಾಕ್ಟರ್ ಮೇಲಾ, ಸರ್ಕಾರದ ಮೇಲಾ? ಜೈಲಿನ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ. ಅಕ್ಕನಿಗೆ ಇಬ್ಬರು ಮಕ್ಕಳು.

ತುಮಕೂರು_ವಕೀಲ

ಬಾಬು, ಹೊಡೆದಿಲ್ಲ ಹಾಗಾಗಿ ಕೇಸಿಲ್ಲ ಅನ್ನುವುದು ಊರಿನವರ ಲೆಕ್ಕ, ಕಾನೂನಿನದಲ್ಲ. ಮನೆಯಲ್ಲಿದ್ದಿದ್ದರೆ ನೀವೇ ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಿರಿ. ಒಳಗಿರುವವನು ತಾನಾಗಿ ಎಲ್ಲಿಗೂ ಹೋಗಲಾರ, ಹಾಗಾಗಿ ಬೀಗ ಹಾಕಿದವರ ಮೇಲೆಯೇ ಆ ಹೊಣೆ ಬೀಳುತ್ತದೆ. ಇದು ನನ್ನ ಭಾಷಣ ಅಲ್ಲ. ಆರೋಪಿಯನ್ನು ಯಾರು ಕಸ್ಟಡಿಯಲ್ಲಿ ಇಟ್ಟುಕೊಂಡಿದ್ದಾರೋ ಅವರು ಅವನ ಆರೋಗ್ಯ ಮತ್ತು ಸುರಕ್ಷತೆ ನೋಡಿಕೊಳ್ಳಬೇಕು ಎಂದು ಬಿಎನ್‌ಎಸ್‌ಎಸ್, ಅಂದರೆ ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಎನ್ನುವ ಹೊಸ ಕಾನೂನಿನ 56ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ 55ಎ ಆಗಿತ್ತು.

ಕ್ರಿಮಿನಲ್ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ, ಕಷ್ಟ ಇರುವುದೂ ಅಲ್ಲೇ. ನಿರ್ಲಕ್ಷ್ಯದಿಂದ ಸಾವು ಅಂದರೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಅಪರಾಧಗಳ ಕಾನೂನು) 106(1). ಐಪಿಸಿ 304ಎ ಇದ್ದಾಗ ಹೆಚ್ಚೆಂದರೆ 2 ವರ್ಷ ಇತ್ತು, ಈಗ 5 ವರ್ಷದವರೆಗೆ. ಆದರೆ ಸುಮ್ನೆ ಅಸಡ್ಡೆ ಇತ್ತು ಎಂದರೆ ಸಾಲದು. ಆ ಅಸಡ್ಡೆಯಿಂದಲೇ ಜೀವ ಹೋಯಿತು ಎಂದು ತೋರಿಸಬೇಕು. ಡಾಕ್ಟರ್ ಮೇಲಾದರೆ ಸಾಬೀತು ಮಾಡುವುದು ಇನ್ನೂ ಕಷ್ಟ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ನಿರ್ಲಕ್ಷ್ಯ ತೀರಾ ಗಂಭೀರವಾಗಿರಬೇಕು, ಬೇರೊಬ್ಬ ವೈದ್ಯರ ಅಭಿಪ್ರಾಯವೂ ಬೇಕು.

ಇನ್ನೊಂದು ದಾರಿ ಪರಿಹಾರದ್ದು, ಅದು ಸರ್ಕಾರದ ಮೇಲೆ. ಇಲ್ಲಿ ಯಾವ ವಾರ್ಡರ್, ಯಾವ ಗಂಟೆ ಎಂದು ಬೆರಳು ತೋರಿಸಿ ಸಾಬೀತು ಮಾಡುವ ಹೊರೆ ಅಷ್ಟಿಲ್ಲ. 1993ರಲ್ಲಿ ನೀಲಬತಿ ಬೆಹೆರಾ ಎಂಬ ಒಡಿಶಾದ ತಾಯಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1,50,000 ರೂಪಾಯಿ ಕೊಡಿಸಿತು. ಮಗನನ್ನು ಪೊಲೀಸರು ಕರೆದುಕೊಂಡು ಹೋದರು, ಮರುದಿನ ಹೆಣ ರೈಲ್ವೆ ಹಳಿ ಹತ್ತಿರ ಸಿಕ್ಕಿತು. ತಮ್ಮ ವಶದಲ್ಲಿದ್ದವನು ಹೇಗೆ ಸತ್ತ ಎಂದು ಸರ್ಕಾರವೇ ಹೇಳಬೇಕು ಎಂದಿತು ಕೋರ್ಟ್. ಮೂಲಭೂತ ಹಕ್ಕಿನ ಪ್ರಶ್ನೆ ಬಂದಾಗ "ನಾವು ಸರ್ಕಾರ, ನಮ್ಮ ಮೇಲೆ ಕೇಸ್ ಆಗಲ್ಲ" ಅನ್ನುವ ವಾದ ನಡೆಯುವುದಿಲ್ಲ ಎಂದೂ ಹೇಳಿತು.

ಅದು ಪೊಲೀಸರ ಕೇಸ್, ಜೈಲಿನದಲ್ಲ ಎಂದು ಯಾರಾದರೂ ಎಳೆದರೆ ಚಲ್ಲಾ ರಾಮಕೃಷ್ಣ ರೆಡ್ಡಿ ಕೇಸ್ ತೋರಿಸಿ. ದೂರ ಏನಲ್ಲ, ಆಂಧ್ರದ ಆಗಿನ ಕರ್ನೂಲು ಜಿಲ್ಲೆಯ ಕೋಯಿಲಕುಂಟ್ಲ ಸಬ್‌ಜೈಲು. 1977ರಲ್ಲಿ ವೈರಿಗಳು ರಾತ್ರಿ ಜೈಲಿಗೇ ಬಾಂಬ್ ಎಸೆದರು. ತಂದೆ ಸತ್ತರು, ಜೊತೆಗಿದ್ದ ಮಗ ಉಳಿದುಕೊಂಡರು. ಜೀವಕ್ಕೆ ಅಪಾಯ ಇದೆ ಎಂದು ಮೊದಲೇ ಹೇಳಿದ್ದರೂ ಕಾವಲು ಸರಿಯಾಗಿ ಹಾಕಿರಲಿಲ್ಲ. ಬಾಂಬ್ ಹಾಕಿದ್ದು ಸರ್ಕಾರ ಅಲ್ಲ, ಹೊರಗಿನವರು. ಆದರೂ 2000ರಲ್ಲಿ ಸುಪ್ರೀಂ ಕೋರ್ಟ್ 1,44,000 ರೂಪಾಯಿ ಪರಿಹಾರ ಎತ್ತಿಹಿಡಿಯಿತು. ಹೇಳಿದ್ದರೂ ಕೇಳಲಿಲ್ಲ, ಅದಕ್ಕೇ ಹೊಣೆ. ನಿಮ್ಮ ಭಾವನ ವಿಷಯವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಒಳಗಿನವರು ಕೂಗಿ ಹೇಳಿದ್ದಾರೆ. ಆಮೇಲೆ ಏನು ಮಾಡಿದರು?

ಇಲಾಖಾ ವಿಚಾರಣೆ ಅಂತಲೂ ಒಂದು ನಡೆಯುತ್ತದೆ. ಸಸ್ಪೆಂಡ್ ಆಗುತ್ತಾರೆ, ವಾಪಸ್ ಬರುತ್ತಾರೆ. ಅದನ್ನು ನಂಬಿಕೊಂಡು ಕೂರಬೇಡಿ.

ಚಿಂತಾಮಣಿ_ಡಾಕ್ಟರ್

ವಕೀಲರು ಕಾನೂನು ಹೇಳಿದರು, ನಾನು ದೇಹದ ವಿಷಯ ಹೇಳುತ್ತೇನೆ. ನೀವು ಬರೆದಿರುವುದು ಓದಿದರೆ ಯಾವ ಹೌಸ್‌ಸರ್ಜನ್ ಕೂಡ ಹೇಳುತ್ತಾನೆ, ಇದು ಕುಡಿತ ದಿಢೀರ್ ನಿಂತಾಗ ಆಗುವ ವಿತ್‌ಡ್ರಾವಲ್. ಕೊನೆಯ ಕುಡಿತದಿಂದ 6 ಗಂಟೆ ದಾಟುತ್ತಿದ್ದ ಹಾಗೆ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಆಗುತ್ತದೆ. ಇಲ್ಲದ ಹಾವು, ಇರುವೆ ಕಾಣುವುದು, ಎಲ್ಲಿದ್ದೇನೆಂದು ಗೊತ್ತಾಗದಿರುವುದು, ಜ್ವರ, ಎದೆಬಡಿತ. ಇದು ನಾಟಕ ಅಲ್ಲ, ಎಮರ್ಜೆನ್ಸಿ. ಚಿಕಿತ್ಸೆ ಕೊಡದಿದ್ದರೆ ಜೀವ ಹೋಗಬಹುದು, ಕೊಟ್ಟರೆ ಬಹುತೇಕರು ಉಳಿಯುತ್ತಾರೆ. ಔಷಧ ಏನು ಅಪರೂಪದ್ದಲ್ಲ. ಲೋರಾಜೆಪಾಂ ಅಥವಾ ಡಯಾಜೆಪಾಂ, ಥಯಾಮಿನ್ ಇಂಜೆಕ್ಷನ್, ಡ್ರಿಪ್. ತಾಲ್ಲೂಕು ಆಸ್ಪತ್ರೆಯಲ್ಲೂ ಶುರು ಮಾಡಬಹುದು.

ಇನ್ನು ಈ ಹಾರ್ಟ್ ಅಟ್ಯಾಕ್ ಕಥೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ, ಕಾರ್ಡಿಯಾಕ್ ಅರೆಸ್ಟ್ ಎಂದು ಬರೆದರೆ ಕಾರಣ ಹೇಳಿದ ಹಾಗೆ ಅಲ್ಲ. ಯಾಕೆ ನಿಂತಿತು ಎಂಬುದೇ ಪ್ರಶ್ನೆ. ಪಿಎಂ ರಿಪೋರ್ಟ್ ಸಿಕ್ಕಾಗ ನಾಲಿಗೆ ಕಚ್ಚಿದ ಗುರುತು, ಮಣಿಕಟ್ಟಿನ ಸುತ್ತ ಕಟ್ಟಿದ ಗುರುತು, ತಲೆಯೊಳಗೆ ರಕ್ತಸ್ರಾವ, ಶ್ವಾಸಕೋಶಕ್ಕೆ ವಾಂತಿ ಹೋಗಿರುವುದು, ಇವನ್ನು ಬರೆದಿದ್ದಾರಾ ನೋಡಿ. ಕುಡಿಯುವವರು ಬಿದ್ದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಅದೇ ಕಾರಣವೂ ಇರಬಹುದು, ಹಾಗಾಗಿ ನನ್ನ ಊಹೆಯನ್ನೇ ಹಿಡಿದುಕೊಳ್ಳಬೇಡಿ. ಡೆಲಿರಿಯಂನಲ್ಲಿ ಸತ್ತರೆ ದೇಹದಲ್ಲಿ ಅದಕ್ಕೇ ಅಂತ ಗುರುತು ಉಳಿಯುವುದಿಲ್ಲ, ರಾತ್ರಿ ಹೇಗಿದ್ದರು ಎಂದು ಕಣ್ಣಾರೆ ಕಂಡವರ ಮಾತಿಗೆ ಅದಕ್ಕೇ ಬೆಲೆ. ಆಸ್ಪತ್ರೆಯ ಕ್ಯಾಶುವಾಲಿಟಿ ಚೀಟಿಯೂ ಬೇಕು. ಜೀವ ಇದ್ದಾಗ ತಂದರಾ, ಸತ್ತ ಮೇಲೆ ತಂದರಾ, ಎಷ್ಟು ಗಂಟೆಗೆ, ಎಲ್ಲ ಅದರಲ್ಲಿರುತ್ತದೆ.

ಕುಡಿತದಿಂದ ಬರುವ ಮಾನಸಿಕ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕುಡುಕ ಸತ್ತ ಎನ್ನುವವರಿಗೆ ಇದನ್ನು ಹೇಳಿ.

ಕೆಜಿಎಫ್_ಗೋಲ್ಡ್

ಬೇಜಾರಾಗಬೇಡಿ ಬಾಬು, ನೇರ ಕೇಳುತ್ತೇನೆ. ಇಷ್ಟು ಕುಡಿಯುವವರು ಎಂದು ಮನೆಯವರು ಜೈಲಿನವರಿಗೆ ಹೇಳಿದ್ದಿರಾ? ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲದಕ್ಕೂ ಸಿಬ್ಬಂದಿ ತಲೆಗೆ ಕಟ್ಟಿದರೆ ಆ ಕೆಲಸ ಯಾರು ಮಾಡುತ್ತಾರೆ?

ತುಮಕೂರು_ವಕೀಲ

ಜೈಲಿನವರ ವಕೀಲರು ಕೋರ್ಟಿನಲ್ಲಿ ಕೇಳುವುದೂ ಇದನ್ನೇ, ಹಾಗಾಗಿ ಉತ್ತರ ಇಟ್ಟುಕೊಳ್ಳಬೇಕು. ಬಂಧಿಸಿದ ಮೇಲೆ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಅದು ಬಿಎನ್‌ಎಸ್‌ಎಸ್ 53. ಜೈಲಿಗೆ ಸೇರಿಸಿಕೊಳ್ಳುವಾಗಲೂ ತಪಾಸಣೆ ಮಾಡಿ ಬರೆದಿಡಬೇಕು. ಕುಡಿಯುತ್ತೀಯಾ, ಎಷ್ಟು, ಕೊನೆಗೆ ಯಾವಾಗ ಎಂದು ಕೇಳುವುದು ಅಲ್ಲಿ. ಕೇಳಿ ಬರೆದಿದ್ದರೆ ಅವರಿಗೆ ಗೊತ್ತಿತ್ತು. ಕೇಳದೆ "ಆರೋಗ್ಯವಾಗಿದ್ದಾನೆ" ಎಂದು ಗೀಚಿದ್ದರೆ ಆ ಚೀಟಿಯೇ ಅವರಿಗೆ ತಿರುಗಿ ಬೀಳುತ್ತದೆ. ಅದೂ ಹೋಗಲಿ, ರಾತ್ರಿ ಇಡೀ ಬ್ಯಾರಕ್ ಕೂಗಿದ ಮೇಲೆ ಗೊತ್ತಿರಲಿಲ್ಲ ಎನ್ನಲು ಜಾಗ ಎಲ್ಲಿದೆ?

ಹಳೇ_ಖಾಕಿ

ನಾನು ಜೈಲು ಇಲಾಖೆಯಲ್ಲಿ ವಾರ್ಡರ್ ಆಗಿದ್ದು ರಿಟೈರ್ ಆದವನು. ಚಿಕ್ಕಬಳ್ಳಾಪುರ ಕಡೆಯವನು. ಇಲ್ಲಿ ನನಗೆ ಬೈಗುಳ ಬೀಳುತ್ತೆ ಅಂತ ಗೊತ್ತು, ಆದರೂ ಬರೆಯುತ್ತೇನೆ.

ತಮ್ಮಾ, ಸಣ್ಣ ಜೈಲುಗಳಲ್ಲಿ ರಾತ್ರಿ ಡಾಕ್ಟರ್ ಇರುವುದಿಲ್ಲ, ಹಗಲು ಬಂದು ಹೋಗುತ್ತಾರೆ. ಯಾರಿಗಾದರೂ ಸೀರಿಯಸ್ ಆದರೆ ಹೊರಗಿನ ಆಸ್ಪತ್ರೆಗೆ ಕಳಿಸಬೇಕು, ಕಳಿಸಲು ಪೊಲೀಸ್ ಎಸ್ಕಾರ್ಟ್ ಬೇಕು, ಎಸ್ಕಾರ್ಟ್ ಕೇಳಿದರೆ ಸಿಬ್ಬಂದಿ ಇಲ್ಲ, ಬಂದೋಬಸ್ತ್‌ಗೆ ಹೋಗಿದ್ದಾರೆ ಎನ್ನುತ್ತಾರೆ. ಎಸ್ಕಾರ್ಟ್ ಇಲ್ಲದೆ ಕಳಿಸಿ ಕೈದಿ ಓಡಿಹೋದರೆ ನನ್ನ ಕೆಲಸ ಹೋಗುತ್ತದೆ. ಕಳಿಸದೆ ಸತ್ತರೆ ಈ ಥರ ಆಗುತ್ತದೆ. ಓಡಿಹೋದರೆ ತಪ್ಪಾಗುತ್ತೆ ಅನ್ನುವ ಭಯ ಸತ್ತರೆ ತಪ್ಪಾಗುತ್ತೆ ಅನ್ನುವುದಕ್ಕಿಂತ ಜಾಸ್ತಿ, ಅಲ್ಲೇ ಇರುವುದು ರೋಗ. ಕುಡುಕರು ಬಂದರೆ ಎರಡು ದಿನ ಕೂಗಾಡಿ ಸುಮ್ಮನಾಗುತ್ತಾರೆ ಎಂದು ಸೀನಿಯರ್‌ಗಳೇ ನಮಗೆ ಹೇಳಿಕೊಟ್ಟಿದ್ದು. ಡಾಕ್ಟರ್ ಇಲ್ಲಿ ಬರೆದ ಗಂಟೆಗಳ ಲೆಕ್ಕವನ್ನು ನಮಗೆ ಯಾರೂ ಟ್ರೇನಿಂಗ್‌ನಲ್ಲಿ ಹೇಳಿರಲಿಲ್ಲ.

ಇಷ್ಟು ಹೇಳಿದ ಮೇಲೆ, ಒಂದು ವಿಷಯ ಗಮನವಿಟ್ಟು ಕೇಳು. ರಾತ್ರಿ ಲಾಕಪ್ ಆದ ಮೇಲೆ ಬ್ಯಾರಕ್ ಬಾಗಿಲನ್ನು ಕಾವಲಿನ ವಾರ್ಡರ್ ಒಬ್ಬನೇ ತೆಗೆಯುವ ಹಾಗಿಲ್ಲ. ಮೇಲಿನವರಿಗೆ ತಿಳಿಸಿ, ಅವರು ಹೇಳಿದ ಮೇಲೆ ತೆಗೆಯಬೇಕು. ನಿನ್ನ ಭಾವನ ಕೈ ಕಟ್ಟಿಸಿದ್ದು ಹೇಗೆ? ಬಾಗಿಲು ತೆಗೆದು ಒಳಗೆ ಬಂದರಾ, ಇಲ್ಲ ಕಂಬಿ ಆಚೆಯಿಂದ ಬೇರೆ ಕೈದಿಗಳಿಗೆ ಹೇಳಿ ಕಟ್ಟಿಸಿದರಾ? ಬಾಗಿಲು ತೆಗೆದಿದ್ದರೆ ವಾರ್ಡರ್‌ಗಿಂತ ಮೇಲಿನ ಯಾರಿಗೋ ಆ ಹೊತ್ತಿಗೆ ಗೊತ್ತಿತ್ತು. ಯಾವಾಗಲೂ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಪಾಪದ ವಾರ್ಡರ್ ಒಬ್ಬನೇ, ಮೇಲಿನವರು ನನಗೆ ಯಾರೂ ಹೇಳಲೇ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ.

ಬಂಗಾರಪೇಟೆ_ಬಾಬು

ಅಣ್ಣ, ಬೈಯುವುದಿಲ್ಲ, ನೀವು ಬರೆದಿದ್ದಕ್ಕೆ ಥ್ಯಾಂಕ್ಸ್. ಈಗಷ್ಟೇ ಆ ಬ್ಯಾರಕ್‌ನವರಿಗೆ ಫೋನ್ ಮಾಡಿ ಕೇಳಿದೆ. ಬಾಗಿಲು ತೆಗೆದೇ ಬಂದರಂತೆ. ವಾರ್ಡರ್ ಜೊತೆ ಇನ್ನೊಬ್ಬರು ಇದ್ದರು, ವಾರ್ಡರ್ ಅವರನ್ನು ಸಾರ್ ಸಾರ್ ಎನ್ನುತ್ತಿದ್ದರು, ಟಾರ್ಚ್ ಹಾಕಿ ಮುಖ ನೋಡಿ ಹೋದರು ಎನ್ನುತ್ತಾರೆ.

ಸ್ಟೇಷನ್‌ನಲ್ಲಿ ಕೇಳಿದರೆ ಯುಡಿಆರ್ (ಅಸಹಜ ಸಾವಿನ ವರದಿ) ಆಗಿದೆ, ವಿಸೆರಾ (ಒಳಾಂಗಗಳ ಸ್ಯಾಂಪಲ್) ಮಡಿವಾಳದ ಎಫ್‌ಎಸ್‌ಎಲ್ ಲ್ಯಾಬ್‌ಗೆ ಹೋಗಿದೆ, ರಿಪೋರ್ಟ್ ಬರಲಿ ನೋಡೋಣ ಎನ್ನುತ್ತಾರೆ. ಪಿಎಂ ಕಾಪಿ ಕೊಟ್ಟಿಲ್ಲ. ಜಡ್ಜ್ ಸಾಹೇಬರೇ ವಿಚಾರಣೆ ಮಾಡುತ್ತಿದ್ದಾರಲ್ಲ, ತಪ್ಪಿದ್ದರೆ ಅವರೇ ಶಿಕ್ಷೆ ಕೊಡುತ್ತಾರೆ, ನೀವು ಯಾಕೆ ಓಡಾಡುತ್ತೀರಿ ಅಂತಲೂ ಹೇಳಿದರು.

ತುಮಕೂರು_ವಕೀಲ

ಹಳೇ ಖಾಕಿ ಅವರ ಆ ಒಂದು ಪ್ರಶ್ನೆ ನಮ್ಮ ಹತ್ತು ಸೆಕ್ಷನ್‌ಗೆ ಸಮ. ಅಧಿಕಾರಿ ಬಂದು ಕಣ್ಣಾರೆ ನೋಡಿ ಹೋಗಿದ್ದರೆ ಇದು ರಾತ್ರಿ ಪಾಳಿಯ ಒಬ್ಬ ವಾರ್ಡರ್ ತಪ್ಪಾಗಿ ಉಳಿಯುವುದಿಲ್ಲ.

ಸ್ಟೇಷನ್‌ನವರು ಹೇಳಿದ್ದು ಅರ್ಧ ಸತ್ಯ. ಮ್ಯಾಜಿಸ್ಟ್ರೇಟ್ ಮಾಡುವುದು ಬಿಎನ್‌ಎಸ್‌ಎಸ್ 196(2) ಪ್ರಕಾರದ ವಿಚಾರಣೆ. ಸಾವಿಗೆ ಕಾರಣ ಹುಡುಕುವುದು ಅದರ ಕೆಲಸ, ಶಿಕ್ಷೆ ಕೊಡುವುದಲ್ಲ. ಪೊಲೀಸ್ ತನಿಖೆ ಅದರ ಜೊತೆಗೇ ನಡೆಯಬೇಕು ಎಂದು ಅದೇ ಸೆಕ್ಷನ್‌ನಲ್ಲಿದೆ. ಅದೇ ಸೆಕ್ಷನ್ ಪ್ರಕಾರ ಸಂಬಂಧಿಕರಿಗೆ ತಿಳಿಸಿ, ವಿಚಾರಣೆ ವೇಳೆ ಇರಲು ಬಿಡಬೇಕು. ಹೆಂಡತಿ ಆ ಪಟ್ಟಿಯಲ್ಲಿದ್ದಾರೆ, ನೀವಿಲ್ಲ. ಹಾಗಾಗಿ ಪ್ರತಿ ಅರ್ಜಿಗೂ ಅಕ್ಕನೇ ಸಹಿ ಹಾಕಲಿ.

ಅಕ್ಕನ ಹೆಸರಲ್ಲಿ ಆ ಮ್ಯಾಜಿಸ್ಟ್ರೇಟ್‌ಗೆ ಇವತ್ತೇ ಒಂದು ಅರ್ಜಿ ಬರೆಯಿರಿ. ಬ್ಯಾರಕ್‌ನಲ್ಲಿದ್ದವರ ಹೇಳಿಕೆ ತೆಗೆದುಕೊಳ್ಳಿ, ಜೈಲಿನ ಸಿಸಿಟಿವಿ ಅಳಿಸದ ಹಾಗೆ ಆದೇಶ ಮಾಡಿ, ಸೇರಿಸಿಕೊಂಡ ದಿನದ ತಪಾಸಣೆ ಚೀಟಿ, ರಾತ್ರಿ ರೌಂಡ್ಸ್ ಪುಸ್ತಕ, ಗೇಟ್ ರಿಜಿಸ್ಟರ್, ಎಸ್ಕಾರ್ಟ್ ಕೇಳಿ ಬರೆದ ಪತ್ರ ಇವನ್ನು ತರಿಸಿಕೊಳ್ಳಿ ಎಂದು. ಆರ್‌ಟಿಐ ಹಾಕಿ ಎಂದು ಕೆಲವರು ಹೇಳುತ್ತಾರೆ. ಹಾಕಿ, 10 ರೂಪಾಯಿ ಅಷ್ಟೇ, ಆದರೆ ಅದಕ್ಕೆ 30 ದಿನ ಟೈಮ್ ಇದೆ. ಕ್ಯಾಮೆರಾದ ಹಳೇ ದೃಶ್ಯದ ಮೇಲೆ ಹೊಸದು ಕೂರಲು ಅಷ್ಟು ದಿನ ಬೇಕಿಲ್ಲ. ಹೂತಿದ್ದೀರಿ ಎಂದು ಯೋಚನೆ ಬೇಡ. ಅಗತ್ಯ ಅನ್ನಿಸಿದರೆ ದೇಹ ಹೊರತೆಗೆಸಿ ಪರೀಕ್ಷೆ ಮಾಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟ್‌ಗೆ ಇದೆ.

ಎಫ್‌ಐಆರ್ ಬೇಕು ಎಂದರೆ ಲಿಖಿತ ದೂರು ಕೊಡಿ, ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಕಳಿಸಿ, ಆಮೇಲೆ ಕೋರ್ಟಿನಲ್ಲಿ ಪಿಸಿಆರ್, ಅಂದರೆ ಖಾಸಗಿ ದೂರು. ಹೊಸ ಕಾನೂನಿನಲ್ಲಿ ಸರ್ಕಾರಿ ನೌಕರನ ಮೇಲೆ ಖಾಸಗಿ ದೂರು ಕೊಟ್ಟರೆ ಮೊದಲು ಅವನ ಮಾತನ್ನೂ ಮೇಲಧಿಕಾರಿಯ ವರದಿಯನ್ನೂ ಕೋರ್ಟ್ ನೋಡಬೇಕು, ಸ್ವಲ್ಪ ತಡ ಆಗುತ್ತದೆ. ಸ್ಯಾಂಕ್ಷನ್, ಅಂದರೆ ಕೇಸ್ ನಡೆಸಲು ಸರ್ಕಾರದ ಒಪ್ಪಿಗೆ ಇಲ್ಲದೆ ಆಗಲ್ಲ ಎಂದು ಹೆದರಿಸುತ್ತಾರೆ. ಆ ರಕ್ಷಣೆ ಇರುವುದು ಸರ್ಕಾರದ ಒಪ್ಪಿಗೆ ಇಲ್ಲದೆ ಕೆಲಸದಿಂದ ತೆಗೆಯಲಾಗದ ಅಧಿಕಾರಿಗೆ ಮಾತ್ರ, ಕೆಳಗಿನ ಸಿಬ್ಬಂದಿಗಲ್ಲ. ಅಧಿಕಾರಿಗೂ ಸರ್ಕಾರ 120 ದಿನದಲ್ಲಿ ತೀರ್ಮಾನ ಹೇಳದಿದ್ದರೆ ಒಪ್ಪಿಗೆ ಕೊಟ್ಟ ಹಾಗೆಯೇ ಎಂದು ಬಿಎನ್‌ಎಸ್‌ಎಸ್ 218ನೇ ಸೆಕ್ಷನ್‌ನಲ್ಲಿ ಈಗ ಸೇರಿಸಿದ್ದಾರೆ.

ಶಿರಾ_ಸುಮ

ನಮ್ಮ ಮನೆಯಲ್ಲೂ ಇಂಥದೊಂದು ಆಗಿದೆ. ಎಲ್ಲಿ, ಯಾರು ಅಂತ ಬರೆಯುವುದಿಲ್ಲ, ಕೇಸ್ ಇನ್ನೂ ನಡೆಯುತ್ತಿದೆ. ನಮಗೆ ಮೊದಲು ಅಲ್ಲಾಡಿಸಿದ್ದು ಮಾನವ ಹಕ್ಕು ಆಯೋಗ. ಕಸ್ಟಡಿಯಲ್ಲಿ ಯಾರೇ ಸತ್ತರೂ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು ಎಂದು 1993ರಿಂದ ಸೂಚನೆ ಇದೆ. ಅಂದರೆ ನಿಮ್ಮ ಭಾವನ ಹೆಸರಲ್ಲಿ ದೆಹಲಿಯಲ್ಲಿ ಈಗಾಗಲೇ ಒಂದು ಫೈಲ್ ಇರಬೇಕು. ಜೈಲಿನವರು ತಮಗೆ ಬೇಕಾದ ಹಾಗೆ ಬರೆದು ಕಳಿಸಿರುತ್ತಾರೆ, ನಿಮ್ಮ ಮಾತು ಅದರಲ್ಲಿ ಇರುವುದಿಲ್ಲ. ಅಕ್ಕನ ಕೈಯಲ್ಲಿ ಬರೆಸಿ ಕಳಿಸಿ. ಕನ್ನಡದಲ್ಲೇ ಬರೆಯಬಹುದು, ಫೀಸಿಲ್ಲ, ಲಾಯರ್ ಬೇಕಿಲ್ಲ. ಒಂದು ವರ್ಷದೊಳಗೆ ಕಳಿಸಬೇಕು. ಬೆಂಗಳೂರಿನ ರಾಜ್ಯ ಆಯೋಗಕ್ಕೂ ದೆಹಲಿಗೂ ಎರಡೂ ಕಡೆ ಹಾಕಬೇಡಿ, ಒಂದು ಕಡೆ ಇದೆ ಎಂದು ಇನ್ನೊಂದು ಕಡೆ ಮುಚ್ಚುತ್ತಾರೆ. ಆಯೋಗ ಹೇಳುವುದು ಶಿಫಾರಸು ಅಷ್ಟೇ, ಕೋರ್ಟ್ ಆದೇಶ ಅಲ್ಲ. ಆದರೆ ಅಲ್ಲಿಂದ ನೋಟಿಸ್ ಬಂದ ಮೇಲೆ ನಮಗೆ ಕಾಗದಗಳು ಸಿಗಲು ಶುರುವಾದವು.

ಇನ್ನೊಂದು. ಯಾರಾದರೂ ಮನೆಗೆ ಬಂದು, ಇಷ್ಟು ಇಟ್ಟುಕೊಳ್ಳಿ, ಯಾರ ಮೇಲೂ ಅನುಮಾನ ಇಲ್ಲ ಎಂದು ಬರೆದುಕೊಡಿ ಎಂದರೆ ಸಹಿ ಹಾಕಬೇಡಿ. ನಮ್ಮ ಅತ್ತೆಯಿಂದ ಹಾಗೆ ಬರೆಸಿಕೊಂಡಿದ್ದರು, ಇವತ್ತಿಗೂ ಅವರ ಲಾಯರ್ ಅದನ್ನೇ ಎತ್ತಿ ತೋರಿಸುತ್ತಾರೆ. ಬ್ಯಾರಕ್‌ನವರನ್ನೂ ಒಂದು ಕಣ್ಣಿಟ್ಟು ನೋಡಿಕೊಳ್ಳಿ. ಅವರ ಮೇಲೂ ಕೇಸಿದೆ, ಹೆದರಿಸುವುದು ಸುಲಭ.

ಬಂಗಾರಪೇಟೆ_ಬಾಬು

ಬಂದಿದ್ದರು ಸುಮಕ್ಕ. ಜೈಲಿನವರಲ್ಲ, ಪರಿಚಯದವರ ಮೂಲಕ. ನಮ್ಮ ಅಕ್ಕ ಒಪ್ಪಲಿಲ್ಲ. ಲಾಯರ್ ಸರ್, ಹೈಕೋರ್ಟ್ ಅಂದರೆ ಖರ್ಚು ಹೇಗೆ? ಈ ವರ್ಷ ಟೊಮೆಟೊ ಮಂಡಿಗೆ ಹಾಕಿ ಬಾಡಿಗೆಯೂ ಹುಟ್ಟಿಲ್ಲ. ಮತ್ತೆ ಬದುವಿನ ಕೇಸಿನವರು ರಾಜಿ ಆಗೋಣ ಎಂದು ಹೇಳಿ ಕಳಿಸಿದ್ದಾರೆ, ಅದಕ್ಕೆ ಒಪ್ಪಿದರೆ ಇದಕ್ಕೆ ತೊಂದರೆ ಆಗುತ್ತಾ?

ತುಮಕೂರು_ವಕೀಲ

ಅಕ್ಕ ಹೆಂಗಸು, ಹಾಗಾಗಿ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕೋಲಾರ ಕೋರ್ಟ್ ಆವರಣದಲ್ಲೇ ಅದರ ಜಿಲ್ಲಾ ಆಫೀಸ್ (ಡಿಎಲ್‌ಎಸ್‌ಎ) ಕೇಳಿ. ಹೈಕೋರ್ಟಿಗೂ ಇಂಥದೇ ಸಮಿತಿ ಇದೆ, ಸಂವಿಧಾನದ 226ನೇ ವಿಧಿಯ ಕೆಳಗೆ ರಿಟ್ ಅರ್ಜಿ ಹಾಕಲು ಅಲ್ಲಿಂದಲೇ ವಕೀಲರನ್ನು ಕೊಡುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್, 2012ರಿಂದ 2015ರ ನಡುವೆ ಜೈಲಿನಲ್ಲಿ ಅಸಹಜವಾಗಿ ಸತ್ತವರ ಮನೆಯವರಿಗೆ ಪರಿಹಾರ ಕೊಡಿಸಲು ಎಲ್ಲ ಹೈಕೋರ್ಟ್‌ಗಳೂ ತಾವಾಗಿ ಕೇಸ್ ದಾಖಲಿಸಿಕೊಳ್ಳಿ ಎಂದಿತ್ತು. ನಿಮ್ಮದು ಆ ವರ್ಷಗಳದ್ದಲ್ಲ, ಆದರೂ ರಿಟ್‌ನಲ್ಲಿ ಆ ತೀರ್ಪು ಸೇರಿಸಲು ಹೇಳಿ. ಎಷ್ಟು ಸಿಗುತ್ತೆ ಎಂದು ನಾನು ಅಂಕಿ ಹೇಳುವುದಿಲ್ಲ. ವಯಸ್ಸು, ದುಡಿಮೆ, ಮಕ್ಕಳು ಎಲ್ಲ ನೋಡುತ್ತಾರೆ, ಪಹಣಿ ಮತ್ತು ಮಂಡಿ ಬಿಲ್ಲುಗಳನ್ನು ಜೋಡಿಸಿಟ್ಟುಕೊಳ್ಳಿ.

ಬದುವಿನ ಕೇಸಿನಲ್ಲಿ ಆರೋಪಿ ನಿಮ್ಮ ಭಾವ ಒಬ್ಬರೇ ಆಗಿದ್ದರೆ ಅವರು ತೀರಿಕೊಂಡಿದ್ದರಿಂದ ಅದು ಅಲ್ಲಿಗೆ ಮುಗಿಯಿತು, ರಾಜಿಗೆ ಉಳಿದಿರುವುದು ಬದು ಮಾತ್ರ. ಬೇಕಾದರೆ ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಿಕೊಳ್ಳಿ. ಆದರೆ ಅವರು ಕೊಡುವ ಯಾವ ಕಾಗದದಲ್ಲೂ ಜೈಲಿನ ವಿಷಯ, ಸಾವಿನ ವಿಷಯ ಒಂದು ಸಾಲೂ ಇರಬಾರದು. ಸಹಿ ಮಾಡುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ.